ಬಾತ್‌ರೂಮ್ ನೆಲಕ್ಕೆ ಹೊಳೆಯುವ ಟೈಲ್ಸ್ ಬೇಡ

ಅತ್ತೆಯವರಿಗೆ 70 ದಾಟಿದೆ, ಗೋಡೆಗೆ ತಂದ ಹೊಳೆಯುವ ಟೈಲ್ಸನ್ನೇ ಬಾತ್‌ರೂಮ್ ನೆಲಕ್ಕೂ ಹಾಕಿಸಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಸೋಪಿನ ನೀರು ಬಿದ್ದರೆ ಅದರ ಮೇಲೆ ಕಾಲು ನಿಲ್ಲುವುದಿಲ್ಲ.

ಮ್ಯಾಟ್ ಫಿನಿಶ್ (ಹೊಳಪಿಲ್ಲದ) ವಿಟ್ರಿಫೈಡ್ ಟೈಲ್ಸ್, ಅಂದರೆ ನೀರು ಹೆಚ್ಚು ಹೀರದಂತೆ ಗಟ್ಟಿಯಾಗಿ ಸುಟ್ಟ ಟೈಲ್ಸ್, ತೆಗೆದುಕೊಳ್ಳಿ. ಜಾರದಂತೆ ತಡೆಯುವ ರೇಟಿಂಗ್ ಆರ್10 ಅಥವಾ ಆರ್11 ಇದೆಯಾ ಅಂತ ಕೇಳಿ; ಅಂಕಿ ಹೆಚ್ಚಿದಷ್ಟೂ ಜಾರುವುದು ಕಡಿಮೆ. ಅಂಗಡಿಯಲ್ಲೇ ಒಂದು ಟೈಲ್ ಮೇಲೆ ನೀರು ಚೆಲ್ಲಿ, ಚಪ್ಪಲಿ ಬಿಟ್ಟು ಪಾದದಿಂದ ಉಜ್ಜಿ ನೋಡಿ, ಅಲ್ಲೇ ಗೊತ್ತಾಗುತ್ತದೆ. ತೀರಾ ಒರಟಾದದ್ದೂ ಬೇಡ, ಕೊಳೆ ಕೂತರೆ ತಿಕ್ಕಿ ತಿಕ್ಕಿ ಸಾಕಾಗುತ್ತದೆ.

ಅಳತೆ ಒಂದಡಿಯೊಳಗೇ ಇರಲಿ. ದೊಡ್ಡ ಟೈಲಿಗೆ ಇಳಿಜಾರು ಕೊಡುವುದು ಕಷ್ಟ, ನೀರು ಮೂಲೆಯಲ್ಲಿ ನಿಲ್ಲುತ್ತದೆ. ಮೀಟರಿಗೆ ಸುಮಾರು 2 ಸೆಂ.ಮೀ. ಇಳಿಜಾರು ಸಾಕು. ಟೈಲ್ಸ್ ನಡುವಿನ ಸಂದಿಗೆ ಎಪಾಕ್ಸಿ ಗ್ರೌಟ್ (ಸಿಮೆಂಟಿನ ಬದಲು ರಾಳದಿಂದ ಮಾಡಿದ, ಸಂದಿ ತುಂಬುವ ಪೇಸ್ಟ್) ಹಾಕಿಸಿ. ಖರ್ಚು ಜಾಸ್ತಿ ನಿಜ, ಆದರೆ ನೀರು ಹೀರುವುದಿಲ್ಲ, ಬೇಗ ಕಪ್ಪಾಗುವುದಿಲ್ಲ.