ಬಿಳಿಯೋ ಕಪ್ಪೋ ಆಮೇಲೆ, ಮೊದಲು ಟೈರ್ ಸೈಜ್ ಹೇಳಿ

ನಿಮ್ಮ ಪ್ರಶ್ನೆ ಇಷ್ಟು. ಶಿವಮೊಗ್ಗದಲ್ಲಿದ್ದೀರಿ. 35 ಲಕ್ಷದ ಒಳಗೆ ಮೂರ್ನಾಲ್ಕು ವರ್ಷ ಓಡಿದ ಜರ್ಮನ್ ಸೆಡಾನ್ ಕೊಳ್ಳುವ ಆಸೆ. ನಿಮಗೆ ಕಪ್ಪು ಇಷ್ಟ, ಮನೆಯವರು ಬಿಳಿ ಅನ್ನುತ್ತಾರೆ. ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೀರಿ: "19 ಇಂಚಿನ ಅಲಾಯ್ ಹಾಕಿಸಿದರೆ ಲುಕ್ ಬರುತ್ತಾ?"

ಬರುತ್ತೆ. ಅದರ ಹಿಂದೆಯೇ ಟೈರಿಗೆ ಗುಳ್ಳೆನೂ ಬರುತ್ತೆ.

ಮೈಸೂರಿನಲ್ಲಿ ನನ್ನದೊಂದು ಟೈರ್ ಅಂಗಡಿ ಇದೆ. ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಎಲ್ಲ ಮಾಡುತ್ತೇವೆ. ಹದಿನೆಂಟು ವರ್ಷ ಆಯಿತು. ಜನ ಕಾರಿನ ಮುಖ ನೋಡುತ್ತಾರೆ, ನಾನು ಕಾಲು ನೋಡುತ್ತೇನೆ. 2019ರಲ್ಲಿ ನಾನೂ ಒಂದು ಸೆಕೆಂಡ್ ಹ್ಯಾಂಡ್ ಜರ್ಮನ್ ಕಾರು ಕೊಂಡೆ, ನಾಲ್ಕು ವರ್ಷ ಇಟ್ಟುಕೊಂಡು ಮಾರಿದೆ. ಕಂಪನಿ ಹೆಸರು ಬೇಡ. ತಪ್ಪು ಕಂಪನಿಯದಲ್ಲ, ನನ್ನದೇ. ಬಣ್ಣ ಕಪ್ಪು, ಚಕ್ರ 19 ಇಂಚು. ನೀವು ಈಗ ಮಾಡಬೇಕು ಅಂದುಕೊಂಡಿರುವುದನ್ನೆಲ್ಲ ನಾನು ಆಗಲೇ ಮಾಡಿ ಮುಗಿಸಿದ್ದೇನೆ.

2020ರ ಆಗಸ್ಟ್. ಹಾಸನದ ನೆಂಟರ ಮನೆಯಿಂದ ವಾಪಸ್ ಬರುತ್ತಿದ್ದೆವು. ರಾತ್ರಿ, ಜಿಟಿಜಿಟಿ ಮಳೆ. ಗುಂಡಿಯಲ್ಲಿ ನೀರು ನಿಂತು ಅದೂ ರಸ್ತೆಯ ಹಾಗೇ ಕಾಣುತ್ತಿತ್ತು. ಎಡಗಡೆಯ ಎರಡೂ ಚಕ್ರ ಒಂದರ ಹಿಂದೊಂದು ಇಳಿದವು. ಢಬ್, ಢಬ್. ಅವು ರನ್‌ಫ್ಲಾಟ್ ಟೈರ್‌ಗಳು. ಅಂದರೆ ಗಾಳಿ ಪೂರ್ತಿ ಹೋದರೂ ಪಕ್ಕದ ಗಟ್ಟಿ ರಬ್ಬರಿನ ಮೇಲೇ ಕಾರು ನಿಲ್ಲುತ್ತೆ. ಗಂಟೆಗೆ 80 ಕಿ.ಮೀ. ವೇಗ ಮೀರದೆ ಸುಮಾರು 80 ಕಿ.ಮೀ. ದೂರ ಹೋಗಬಹುದು. ಆದರೆ ನನಗೆ ಮುಂದಿನ ರಿಮ್ಮೇ ಸೀಳಿತ್ತು. ರಿಮ್ ಸೀಳಿದ ಮೇಲೆ ಯಾವ ಟೈರ್ ಇದ್ದರೇನು? ರನ್‌ಫ್ಲಾಟ್ ಇದೆ ಅನ್ನುವ ಧೈರ್ಯಕ್ಕೆ ಸ್ಟೆಪ್ನಿಯನ್ನೂ ಇಟ್ಟಿರಲಿಲ್ಲ. ಟೋಯಿಂಗ್ ಗಾಡಿಯ ಕ್ಯಾಬಿನ್‌ನಲ್ಲಿ ಇಕ್ಕಟ್ಟಾಗಿ ಕೂತು ಬರುವಾಗ ನನ್ನ ಹೆಂಡತಿ ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ: "ಅಂಗಡೀಲಿ ಇನ್ನೂರು ಟೈರ್ ಇಟ್ಕೊಂಡಿದ್ದೀರಿ, ಕಾರಲ್ಲಿ ಒಂದು ಸ್ಟೆಪ್ನಿ ಇಲ್ವಲ್ಲಾ ರೀ!"

ಕಥೆ ಅಲ್ಲಿಗೇ ಮುಗಿಯಲಿಲ್ಲ. ಅದೇ ವರ್ಷ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರ್‌ಗಳ ಆಮದಿಗೆ ನಿರ್ಬಂಧ ಹಾಕಿತ್ತು. ಲೈಸೆನ್ಸ್ ಇಲ್ಲದೆ ತರಿಸುವ ಹಾಗಿರಲಿಲ್ಲ. ಇಲ್ಲಿ ತಯಾರಾಗದ ದೊಡ್ಡ ಸೈಜ್‌ಗಳು ಮಾರುಕಟ್ಟೆಯಲ್ಲಿ ಮಾಯವಾಗಿದ್ದವು. ನಮ್ಮ ಊರಲ್ಲೇ ಜೆಕೆ ಟೈರ್ ಕಾರ್ಖಾನೆ ಇದೆ, ಹಳಬರು ಈಗಲೂ ವಿಕ್ರಾಂತ್ ಅಂತಲೇ ಕರೆಯುತ್ತಾರೆ. ಊರಲ್ಲಿ ಟೈರ್ ಮಾಡುತ್ತಾರೆ, ನಾನು ಟೈರ್ ಮಾರುತ್ತೇನೆ, ನನ್ನ ಕಾರಿಗೆ ಮಾತ್ರ ಟೈರ್ ಇಲ್ಲ. ಏಳು ವಾರ ಅದು ಅಂಗಡಿ ಮುಂದೆ ಜಾಕ್ ಮೇಲೆ ನಿಂತಿತ್ತು. ಬರುವವರು ಹೋಗುವವರು ನೋಡಿ ನಗುತ್ತಿದ್ದರು.

ಅದಕ್ಕೇ ಯಾರು ಬಂದು ಇಂಥ ಕಾರು ಕೊಳ್ಳಲಾ ಅಂತ ಕೇಳಿದರೂ ನಾನು ತಿರುಗಿ ಒಂದೇ ಪ್ರಶ್ನೆ ಕೇಳುತ್ತೇನೆ. ಎರಡನೇ ಸೆಟ್ ಟೈರನ್ನು ಮುಖ ಗಂಟಿಕ್ಕದೆ ಕೊಳ್ಳೋಕಾಗುತ್ತಾ? ಮೊದಲ ಸೆಟ್ ಕಾರಿನ ಜೊತೆ ಬರುತ್ತೆ, ಅದರ ಲೆಕ್ಕ ಯಾರಿಗೂ ಗೊತ್ತಾಗಲ್ಲ. ಕಾರು ಕೈಗೆಟುಕುತ್ತಾ ಇಲ್ಲವಾ ಅನ್ನುವುದು ತಿಳಿಯುವುದು ಎರಡನೇ ಸೆಟ್‌ನಲ್ಲಿ.

ಲೆಕ್ಕ ಹೇಳುತ್ತೇನೆ. ಒಳ್ಳೆ ಕಂಪನಿಯ 17 ಇಂಚಿನ ಮಾಮೂಲಿ ಟೈರ್ ಒಂದಕ್ಕೆ ಸುಮಾರು 12ರಿಂದ 15 ಸಾವಿರ. ಅದೇ ಸೈಜಿನ ರನ್‌ಫ್ಲಾಟ್ 20 ಸಾವಿರದ ಆಸುಪಾಸು. 19 ಇಂಚಿನ ರನ್‌ಫ್ಲಾಟ್ ಆದರೆ 30 ದಾಟುವುದೂ ಉಂಟು. ನಾಲ್ಕರಿಂದ ಗುಣಿಸಿ. ಬಟನ್, ಅಂದರೆ ನೆಲಕ್ಕೆ ತಾಗುವ ಕಡೆಯ ರಬ್ಬರಿನ ಅಚ್ಚು, 35-40 ಸಾವಿರ ಕಿ.ಮೀ. ಬಾಳಿಕೆ ಬಂದರೆ ಪುಣ್ಯ. 2025ರ ಸೆಪ್ಟೆಂಬರ್‌ನಲ್ಲಿ ಟೈರ್ ಮೇಲಿನ ಜಿಎಸ್‌ಟಿ 28ರಿಂದ 18 ಪರ್ಸೆಂಟ್‌ಗೆ ಇಳಿದಿದ್ದು ಸ್ವಲ್ಪ ಸಮಾಧಾನ, ಅಷ್ಟೇ.

ಈಗ ಗುಳ್ಳೆಯ ವಿಷಯ. ಟೈರಿನ ಪಕ್ಕದಲ್ಲಿ 225/50 ಆರ್ 17 ಅಂತ ಬರೆದಿರುತ್ತೆ ಅಲ್ವಾ? ಅಗಲ 225 ಮಿ.ಮೀ. 50 ಅಂದರೆ ಅದರ 50 ಪರ್ಸೆಂಟ್, ಅಂದರೆ 112 ಮಿ.ಮೀ., ಪಕ್ಕದ ಗೋಡೆಯ ಎತ್ತರ. 17 ಅನ್ನುವುದು ರಿಮ್ಮಿನ ಇಂಚು. 225/45 ಆರ್ 18 ಆದರೆ ಗೋಡೆ 101. ನನ್ನ ಕಾರಿನ ಹಿಂಬದಿಯಲ್ಲಿದ್ದ 255/35 ಆರ್ 19 ಆದರೆ ಬರೀ 89. ಮೂರೂ ಚಕ್ರದ ಹೊರಗಿನ ಎತ್ತರ ಹೆಚ್ಚುಕಡಿಮೆ ಒಂದೇ, 66 ಸೆಂಟಿಮೀಟರ್ ಹತ್ತಿರ. ಲೋಹ ಹೆಚ್ಚಾದಷ್ಟೂ ರಬ್ಬರ್ ಕಡಿಮೆಯಾಗುತ್ತೆ. ಗುಂಡಿಗೆ ಬಿದ್ದಾಗ ಏಟು ತಿನ್ನಬೇಕಾದ್ದು ರಬ್ಬರ್. ರಬ್ಬರಿಗೆ ಜಾಗವೇ ಇಲ್ಲದಿದ್ದರೆ ಅದು ರಿಮ್ ಮತ್ತು ಗುಂಡಿಯ ಅಂಚಿನ ಮಧ್ಯೆ ಅಪ್ಪಚ್ಚಿಯಾಗುತ್ತೆ, ಒಳಗಿನ ದಾರಗಳು ಕಿತ್ತುಹೋಗುತ್ತವೆ. ಆ ಜಾಗದಲ್ಲಿ ಗಾಳಿ ಹೊರಗೆ ತಳ್ಳಿ ಗುಳ್ಳೆ ಏಳುತ್ತೆ. ಗುಳ್ಳೆ ಎದ್ದ ಟೈರಿಗೆ ರಿಪೇರಿ ಇಲ್ಲ. "ಇನ್ನೊಂದು ತಿಂಗಳು ಓಡಿಸ್ತೀನಿ ಬಿಡಿ" ಅನ್ನುವವರಿಗೆ ನಾನು ಕೈ ಮುಗಿಯುತ್ತೇನೆ. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ 100ರ ವೇಗದಲ್ಲಿ ಆ ಗುಳ್ಳೆ ಒಡೆದರೆ ಏನಾಗುತ್ತೆ ಅಂತ ಯೋಚಿಸಿ.

ಇನ್ನೊಂದು ಮಾತು. ಈ ಹೆದ್ದಾರಿಯಲ್ಲಿ ಬಂದಾಗ ಶ್ರೀರಂಗಪಟ್ಟಣದ ಹತ್ತಿರ ಪಯಣ ಅಂತ ಹಳೆ ಕಾರುಗಳ ಮ್ಯೂಸಿಯಂ ಇದೆ, ಹೋಗಿ. ಎಲ್ಲರೂ ಬಾನೆಟ್ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ನೀವು ಬಗ್ಗಿ ಟೈರ್ ನೋಡಿ. ಕಿರಿದು, ಎತ್ತರ, ಮೈತುಂಬ ರಬ್ಬರ್. ರಾಜರು, ಸಾಹುಕಾರರು ಮೆತ್ತಗೆ ಓಡಾಡಿದ್ದು ಅದರ ಮೇಲೆ. ನಾವು ಅರ್ಧ ಕೋಟಿ ಕೊಟ್ಟು ಹಂಪ್ ಬಂದಾಗಲೆಲ್ಲ ಉಸಿರು ಬಿಗಿಹಿಡಿಯುತ್ತೇವೆ.

ಹಾಗಾಗಿ ನಿಮಗೆ 17 ಇಂಚಿನ ಚಕ್ರ ಬರುವ ಮಾಡೆಲ್ ಸಿಕ್ಕರೆ ಅದನ್ನೇ ಹಿಡಿಯಿರಿ. ಟಾಪ್ ಮಾಡೆಲ್ ಬೇಕು ಅನ್ನುವ ಆಸೆಯೇ ಹೆಚ್ಚಾಗಿ ದೊಡ್ಡ ಚಕ್ರ ತರುವುದು. 18 ಇಂಚಿನದು ಸಿಕ್ಕರೆ ಪರವಾಗಿಲ್ಲ, ಹುಷಾರಾಗಿ ಓಡಿಸಿ. ಇಂಚು ಕಡಿಮೆ ಮಾಡಿಸುವುದಿದ್ದರೆ ಒಳಗೆ ಬ್ರೇಕ್‌ಗೆ ಜಾಗ ಸಾಲುತ್ತಾ ಅಂತ ಮೊದಲು ನೋಡಿಸಬೇಕು. ಟೈರಿನ ಮೇಲೆ ಸೈಜಿನ ಪಕ್ಕದಲ್ಲಿ 94 ಡಬ್ಲ್ಯೂ ಅಂತ ಬರೆದಿದ್ದರೆ 94 ಅನ್ನುವುದು ಭಾರದ ಲೆಕ್ಕ, ಒಂದು ಟೈರ್ 670 ಕೆ.ಜಿ. ಹೊರುತ್ತೆ. ಡಬ್ಲ್ಯೂ ಅಂದರೆ 270 ಕಿ.ಮೀ. ವೇಗ ತಾಳುತ್ತೆ. 270ರಲ್ಲಿ ಎಲ್ಲಿ ಓಡಿಸ್ತೀವಿ ಅಂತ ಕೇಳಬೇಡಿ. ಕಂಪನಿ ಹೇಳಿದ್ದಕ್ಕಿಂತ ಕಡಿಮೆಯದು ಹಾಕಿಸಬೇಡಿ, ಅಷ್ಟು ಸಾಕು.

ರನ್‌ಫ್ಲಾಟ್ ತೆಗೆದು ಮಾಮೂಲಿ ಟೈರ್ ಹಾಕಿಸಬಹುದಾ? ನಾನು ಹಾಕಿಸಿದೆ. ಕಾರು ಮೆತ್ತಗಾಯಿತು, ಹೆಂಡತಿಯ ಬೆನ್ನುನೋವಿನ ದೂರೂ ನಿಂತಿತು. ಆದರೆ ಆಗ ಡಿಕ್ಕಿಯಲ್ಲಿ ಸ್ಟೆಪ್ನಿ ಇರಲೇಬೇಕು, ಅರ್ಧ ಡಿಕ್ಕಿ ತಿಂದರೂ ಸರಿ. ನೀವಿರುವುದು ಮಲೆನಾಡಿನ ಬಾಗಿಲಲ್ಲಿ. ಆಗುಂಬೆಯಲ್ಲಿ ಪಂಚರ್ ಆದರೆ ರನ್‌ಫ್ಲಾಟ್‌ನ 80 ಕಿ.ಮೀ.ಗೆ ಶಿವಮೊಗ್ಗ ಸಿಗಲ್ಲ. ಉಡುಪಿ ಸಿಗುತ್ತೆ. ಆದರೆ ಭಾನುವಾರ ಸಂಜೆ ನಿಮ್ಮ ಸೈಜಿನ ಟೈರ್ ಇಟ್ಟುಕೊಂಡು ಯಾರು ಕಾಯುತ್ತಿರುತ್ತಾರೆ?

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗ ಟೈರೇ ಅದರ ಜಾತಕ. ಪಕ್ಕದಲ್ಲಿ ಒಂದು ಕಡೆ ನಾಲ್ಕು ಅಂಕಿ ಇರುತ್ತೆ. 2319 ಅಂದರೆ 2019ರ 23ನೇ ವಾರ ತಯಾರಾಗಿದ್ದು. ಐದಾರು ವರ್ಷ ದಾಟಿದ್ದರೆ ಬಟನ್ ಎಷ್ಟಿದ್ದರೂ ಬದಲಾಯಿಸುವ ಖರ್ಚು ನಿಮ್ಮ ಲೆಕ್ಕಕ್ಕೆ ಸೇರಿಸಿ. ಇಂಥ ಕಾರುಗಳು ಶೆಡ್‌ನಲ್ಲಿ ನಿಂತೇ ವಯಸ್ಸಾಗುತ್ತವೆ. "ಟೈರ್ ಫುಲ್ ಇದೆ ಸಾರ್" ಅನ್ನುತ್ತಾರೆ, ರಬ್ಬರ್ ನೋಡಿದರೆ ಹಪ್ಪಳದ ಹಾಗೆ ಬಿರುಕು. ನಾಲ್ಕು ಚಕ್ರಕ್ಕೆ ನಾಲ್ಕು ಕಂಪನಿಯ ಟೈರ್ ಇದ್ದರೆ ನಾನಾಗಿದ್ದರೆ ಅಲ್ಲಿಂದಲೇ ವಾಪಸ್. ಟೈರಿನಲ್ಲಿ ಜಿಪುಣತನ ಮಾಡಿದವರು ಗೇರ್‌ಬಾಕ್ಸ್ ಆಯಿಲ್‌ನಲ್ಲಿ ಉದಾರಿಗಳಾಗಿರುತ್ತಾರಾ? ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕಾರಾದರಂತೂ ಟೈರ್ ಸವೆತದಲ್ಲಿ ವ್ಯತ್ಯಾಸವಿದ್ದರೆ ಒಳಗಿನ ಗೇರ್‌ಗಳಿಗೇ ಏಟು. ಒಳಗಂಚು ಮಾತ್ರ ಸವೆದಿದ್ದರೆ ಸಸ್ಪೆನ್ಷನ್ ಬುಷ್ ಹೋಗಿರಬಹುದು, ಅಥವಾ ಎಲ್ಲೋ ಗುದ್ದಿರಬಹುದು. ಬಗ್ಗಿ ಕೈ ಹಾಕಿ ಸವರಿ ನೋಡಿ. ಪ್ಯಾಂಟ್ ಕೊಳೆಯಾದರೆ ಆಗಲಿ.

ದೆಹಲಿ ನಂಬರಿನ ಡೀಸೆಲ್ ಕಾರು ಅಗ್ಗಕ್ಕೆ ಬಂದರೆ ಯಾಕೆ ಅಂತ ಕೇಳಿ. ಅಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗಳಿಗೆ ನಿರ್ಬಂಧ ಬಂದಾಗಿನಿಂದ ಅವು ದಕ್ಷಿಣಕ್ಕೆ ಹರಿದು ಬರುತ್ತಿವೆ. ಇಲ್ಲಿ ಎನ್‌ಒಸಿ ತಂದು ಮತ್ತೆ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಬೇಕು. ವಯಸ್ಸಿಗೆ ತಕ್ಕ ಹಾಗೆ ಕಡಿಮೆಯಾಗುತ್ತೆ ನಿಜ. ಆದರೆ ನಮ್ಮಲ್ಲಿ 20 ಲಕ್ಷ ಮೀರಿದ ಕಾರಿಗೆ 18 ಪರ್ಸೆಂಟ್, ಆ ತೆರಿಗೆಯ ಮೇಲೆ ಸೆಸ್ ಬೇರೆ. 50 ಲಕ್ಷದ ಹೊಸ ಕಾರಿಗೆ ಹತ್ತಿರ ಹತ್ತಿರ 10 ಲಕ್ಷ ಅದೇ ಆಯಿತು. ಹಾಗಾಗಿ ಕೆಎ ನಂಬರಿನ ಕಾರಿಗೆ ಎರಡು ಲಕ್ಷ ಜಾಸ್ತಿ ಹೇಳಿದರೂ ಬೇಜಾರು ಮಾಡಿಕೊಳ್ಳಬೇಡಿ.

ಇನ್ನು ಬಣ್ಣ. ಇದರಲ್ಲಿ ನಿಮ್ಮ ಮನೆಯವರ ಮಾತೇ ಸರಿ ಅಂತ ಹೇಳಬೇಕಾಗಿದೆ, ಕ್ಷಮಿಸಿ. ಕಪ್ಪು ಕಾರು ಶೋರೂಮಿನ ಲೈಟ್ ಕೆಳಗೆ ರಾಜನ ಹಾಗೆ ಇರುತ್ತೆ. ತೊಳೆದು ಒರೆಸಿದ ಮೇಲೆ ಅರ್ಧ ಗಂಟೆ ಮನೆ ಮುಂದೆಯೂ ಹಾಗೇ ಇರುತ್ತೆ. ಆಮೇಲೆ ಧೂಳು. ಧೂಳನ್ನು ಒಣಬಟ್ಟೆಯಲ್ಲಿ ಒರೆಸಿದರೆ ಸಣ್ಣ ಸಣ್ಣ ಗೀರು, ಬಿಸಿಲಿಗೆ ಹಿಡಿದರೆ ಜೇಡರ ಬಲೆಯ ಹಾಗೆ ಕಾಣುತ್ತೆ. ಬೆಳಗ್ಗೆ ಕಾರು ತೊಳೆಯುವ ಹುಡುಗ ಹತ್ತು ಕಾರಿಗೆ ಒಂದೇ ಬಕೆಟ್, ಒಂದೇ ಬಟ್ಟೆ ಬಳಸುತ್ತಾನೆ. ಅವನನ್ನು ಬೈದು ಪ್ರಯೋಜನ ಇಲ್ಲ. ಬೋರ್‌ವೆಲ್ ನೀರಾದರೆ ಒಣಗಿದ ಹನಿಯ ಬಿಳಿ ಕಲೆ. ಗೀರು ಬಿಳಿ ಕಾರಿನಲ್ಲೂ ಬೀಳುತ್ತೆ, ಕಣ್ಣಿಗೆ ಬೀಳಲ್ಲ ಅಷ್ಟೇ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಲ್ಲಿ ಗಾಡಿ ತೊಳೆದರೆ 5,000 ರೂಪಾಯಿ ದಂಡ ಅಂದಾಗ ನನ್ನ ಭಾವಮೈದ ತನ್ನ ಕಪ್ಪು ಕಾರಿಗೆ ಕವರ್ ಹೊದಿಸಿ ಮೆಟ್ರೋ ಹತ್ತಿದ. ನಾಚಿಕೆಗೆ!

ಬಿಸಿಲಿನಲ್ಲಿ ಕಪ್ಪು ಹೆಚ್ಚು ಕಾಯುತ್ತೆ, ಅದು ನಿಮಗೂ ಗೊತ್ತು. ಕಪ್ಪು ಫಿಲ್ಮ್ ಹಾಕಿಸಿ ಸರಿ ಮಾಡುತ್ತೇನೆ ಅನ್ನಬೇಡಿ, 2012ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಹಾಕಿದೆ. ಕಾರನ್ನೇ ಬೇರೆ ಬಣ್ಣಕ್ಕೆ ತಿರುಗಿಸಿದರೆ ಆರ್‌ಸಿಯಲ್ಲೂ ತಿದ್ದಿಸಬೇಕು.

ಬಿಳಿಗೂ ಕಷ್ಟ ಇಲ್ಲದಿಲ್ಲ. ಮಳೆಗಾಲದಲ್ಲಿ ನಿಮ್ಮ ಕಡೆಯ ಕೆಂಪು ಮಣ್ಣು ಬಾಗಿಲ ಕೆಳಭಾಗಕ್ಕೆ ಸೀರೆಯ ಅಂಚಿನ ಹಾಗೆ ಮೆತ್ತಿಕೊಳ್ಳುತ್ತೆ. ಆಯುಧಪೂಜೆಯ ದಿನ ಹಚ್ಚಿದ ಒದ್ದೆ ಕುಂಕುಮ ಮಾರನೇ ದಿನದವರೆಗೆ ಹಾಗೇ ಬಿಟ್ಟರೆ ಗುಲಾಬಿ ಕಲೆ ಉಳಿಯುತ್ತೆ. ಪ್ರತಿ ವರ್ಷ ವಿಜಯದಶಮಿ ಆದ ಮೇಲೆ ಒಂದಿಬ್ಬರಾದರೂ "ಇದು ಹೋಗುತ್ತಾ?" ಅಂತ ಬರುತ್ತಾರೆ. ಬಾನೆಟ್ ಬಿಟ್ಟು ನಂಬರ್ ಪ್ಲೇಟಿನ ಮೇಲ್ಗಡೆ ಹಚ್ಚಿ, ದೇವರು ಬೇಡ ಅನ್ನಲ್ಲ. ಮುತ್ತಿನ ಹೊಳಪಿನ ಬಿಳಿ ಬೇಡ. ಅದು ಮೂರು ಪದರದ ಪೇಂಟ್, ಒಂದು ಬಾಗಿಲು ಗೀಚಿದರೆ ಪಕ್ಕದ ಬಾಗಿಲಿನ ಜೊತೆ ಹೊಂದಿಸುವುದು ತಲೆನೋವು. ಸಾದಾ ಬಿಳಿ ಸಾಕು. ಮಾರುವಾಗಲೂ ಬೇಗ ಗಿರಾಕಿ ಸಿಗುತ್ತೆ.

ನನ್ನನ್ನೇ ಕೇಳಿದರೆ ಬೂದು ಬಣ್ಣ, ಇಲ್ಲವೇ ಬೆಳ್ಳಿ. ಧೂಳು ಕಾಣಲ್ಲ, ಕೆಸರು ಅಷ್ಟಾಗಿ ಕಾಣಲ್ಲ. ಮನೆಯಲ್ಲಿ ಇಬ್ಬರೂ ಸೋತ ಹಾಗೂ ಆಗುತ್ತೆ, ಜಗಳ ಮುಗಿಯುತ್ತೆ.

ಕಾರು ನೋಡಲು ಹೋದ ದಿನ ನಾಲ್ಕೂ ಟೈರಿನ ಫೋಟೋ ತೆಗೆದು ಇಲ್ಲಿ ಹಾಕಿ, ಆ ನಾಲ್ಕು ಅಂಕಿ ಕಾಣುವ ಹಾಗೆ. ಒಳಗಂಚಿನ ಫೋಟೋನೂ ಬೇಕು, ಸ್ಟಿಯರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿದರೆ ಮುಂದಿನದು ಕಾಣುತ್ತೆ. ಡಿಕ್ಕಿ ತೆಗೆದು ಸ್ಟೆಪ್ನಿ ಇದೆಯಾ ನೋಡಿ. ಇದ್ದರೆ ಅದರದೂ ಒಂದು.