ಹದಿನಾಲ್ಕು ಸಾಲು ಸರಿ, ತಿರುವು ಎಲ್ಲಿದೆ?

ನಮಸ್ಕಾರ. ಅಜ್ಜನ ಬಾವಿಯ ಮೇಲೆ ನೀವು ಬರೆದ ಸುನೀತವನ್ನು (ಸಾನೆಟ್) ಎರಡು ಬಾರಿ ಗಟ್ಟಿಯಾಗಿ ಓದಿದೆ. ಸಾಲು ಹದಿನಾಲ್ಕು ಇವೆ, ಪ್ರಾಸ ತಪ್ಪಿಲ್ಲ, ಆದರೂ ಸಪ್ಪೆ ಅನ್ನಿಸುತ್ತದೆ. ಇಟಲಿಯ ಕವಿ ಪೆಟ್ರಾರ್ಕನ ಕ್ರಮ ಹಿಡಿಯಲೇ, ಶೇಕ್ಸ್‌ಪಿಯರನ ಕ್ರಮ ಹಿಡಿಯಲೇ ಎಂದು ಕೇಳಿದ್ದೀರಿ. ಅದಕ್ಕೂ ಮೊದಲು ಬಾವಿ ಬತ್ತಿದ ಮಾತು ಎಲ್ಲಿ ಬಂದಿದೆ ನೋಡಿ. ಕೊನೆಯ ಸಾಲಿನಲ್ಲಿ, ಅದೂ ಅರ್ಧ ಸಾಲಿನಲ್ಲಿ. ಅಲ್ಲಿಯವರೆಗೆ ಬರಿಯ ರಾಟೆ, ಹಗ್ಗ, ಕೊಡ, ತಣ್ಣೀರು. ಪದ್ಯ ಸೊರಗಿರುವುದು ಅಲ್ಲಿಯೇ.

ಸುನೀತ ಹುಟ್ಟಿದ್ದು 13ನೆಯ ಶತಮಾನದ ಸಿಸಿಲಿಯ ಆಸ್ಥಾನದಲ್ಲಿ. ಅದಕ್ಕೆ ಮೈ ತುಂಬಿಸಿದವನು ಪೆಟ್ರಾರ್ಕ (1304–1374). ತಾನು ಪ್ರೀತಿಸಿದ ಲಾರಾಳನ್ನು ನೆನೆದು ಅವನು ಕಟ್ಟಿದ ಸಂಗ್ರಹದಲ್ಲಿರುವ 366 ಕವಿತೆಗಳಲ್ಲಿ 317 ಸುನೀತಗಳೇ. ಮೊದಲು ಎಂಟು ಸಾಲಿನ ಅಷ್ಟಕ, ಆಮೇಲೆ ಆರು ಸಾಲಿನ ಷಟ್ಕ. ನಡುವೆ ಮಾತು ಹೊರಳುತ್ತದೆ, ಅದೇ ತಿರುವು. 190ನೆಯ ಕವಿತೆಯನ್ನು ಬಿಡದೆ ಓದಿ. ಅಷ್ಟಕದಲ್ಲಿ ಹಸಿರು ಹುಲ್ಲಿನ ಮೇಲೆ ಚಿನ್ನದ ಕೊಂಬಿನ ಬಿಳಿಯ ಜಿಂಕೆ, ಎರಡು ನದಿಗಳ ನಡುವೆ, ಸೂರ್ಯೋದಯದ ಹೊತ್ತು. ಕವಿ ಎಲ್ಲ ಕೆಲಸ ಬಿಟ್ಟು ಅದರ ಹಿಂದೆ ಹೊರಡುತ್ತಾನೆ. ಒಂಬತ್ತನೆಯ ಸಾಲಿನಲ್ಲಿ ಅದರ ಕೊರಳ ಬರಹ ಕಾಣುತ್ತದೆ: ಯಾರೂ ನನ್ನನ್ನು ಮುಟ್ಟಬೇಡಿ. ನೋಟದಲ್ಲಿ ಮುಳುಗಿದ್ದ ಕವಿ ಕೊನೆಗೆ ನೀರಿಗೆ ಬೀಳುತ್ತಾನೆ, ಜಿಂಕೆ ಮಾಯವಾಗುತ್ತದೆ.

ಇದೇ ಜಿಂಕೆಯನ್ನು ಇಂಗ್ಲೆಂಡಿನ ಥಾಮಸ್ ವಯಟ್ (1503–1542) ತನ್ನ ಭಾಷೆಗೆ ತಂದ. ಅವನ ಅಷ್ಟಕದಲ್ಲಿ ಹುಲ್ಲಿಲ್ಲ, ನದಿಯಿಲ್ಲ. ಬೇಟೆಯಾಡಿ ದಣಿದವನ ಏದುಸಿರಷ್ಟೇ ಇದೆ. ಬಲೆಯಲ್ಲಿ ಗಾಳಿ ಹಿಡಿಯುವ ಕೆಲಸವೆಂದು ಕೈಚೆಲ್ಲುತ್ತಾನೆ. ಕೊರಳ ಬರಹ ಅವನಲ್ಲಿಯೂ ಷಟ್ಕದಲ್ಲಿಯೇ ಬರುತ್ತದೆ, ಆದರೆ ಕೊನೆಯ ಎರಡು ಸಾಲಿಗೆ ಸರಿದಿದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ. ತಿರುವು ಎಂದರೆ ಏನೆಂದು ನನಗೆ ತಿಳಿದದ್ದು ಹಾಗೆ ಓದಿದಾಗಲೇ.

ಇಟಾಲಿಯನ್ ಪದಗಳು ನಮ್ಮವುಗಳಂತೆಯೇ ಬಹುಪಾಲು ಸ್ವರದಲ್ಲಿ ಮುಗಿಯುತ್ತವೆ. ಅಲ್ಲಿ ಎಂಟು ಸಾಲಿಗೆ ಎರಡೇ ಪ್ರಾಸ ಸಾಕು. ಇಂಗ್ಲಿಷಿನಲ್ಲಿ ಒಂದೇ ಪ್ರಾಸಕ್ಕೆ ಅಷ್ಟು ಪದ ಸುಲಭವಾಗಿ ಒದಗುವುದಿಲ್ಲ. ವಯಟ್‌ನ ನಂತರ ಸರ್ರೆ ಎಂಬ ಕವಿ ನಾಲ್ಕು ಸಾಲಿನ ಮೂರು ಚೌಪದಿ, ಎರಡು ಸಾಲಿನ ಒಂದು ದ್ವಿಪದಿಯ ಕಟ್ಟನ್ನು ರೂಢಿಸಿದ. 1609ರಲ್ಲಿ ಅಚ್ಚಾದ ಶೇಕ್ಸ್‌ಪಿಯರನ 154 ಸುನೀತಗಳಲ್ಲಿ ಹೆಚ್ಚಿನವು ಈ ಕಟ್ಟಿನವು.

ಕನ್ನಡದಲ್ಲಿ ತೊಡಕು ತಿರುವುಮುರುವು: ಅಂತ್ಯಪ್ರಾಸ ತೀರ ಅಗ್ಗ. ನೀವು ‘ಬಾವಿಯಲ್ಲಿ’ಗೆ ‘ತೋಟದಲ್ಲಿ’ ಜೋಡಿಸಿದ್ದೀರಿ. ಅಲ್ಲಿ ಪ್ರಾಸವಾಗಿರುವುದು ಪ್ರತ್ಯಯ ಮಾತ್ರ. ‘ಹಗ್ಗ’ಕ್ಕೆ ‘ಮಗ್ಗ’ ಸಿಕ್ಕಂತೆ ಪದದ ಒಡಲೇ ಕೂಡಬೇಕು. ಸಾಲಿಗೆ ಐದು ಮಾತ್ರೆಯ ನಾಲ್ಕು ಗಣ ಇಟ್ಟುಕೊಳ್ಳಿ, ಉಸಿರಿಗೆ ಒಗ್ಗುತ್ತದೆ.

ಇನ್ನು ನಿಮ್ಮ ಪ್ರಶ್ನೆ. ಬತ್ತಿದ ಬಾವಿಯ ಬಳಿ ನಿಂತು ಅಜ್ಜನ ಬಗ್ಗೆ ಇನ್ನೂ ಹೇಳುವುದಿದ್ದರೆ ಪೆಟ್ರಾರ್ಕನೇ ಸರಿ. ಷಟ್ಕವನ್ನೆಲ್ಲ ಅದಕ್ಕೇ ಬಿಡಿ. ಒಂದೇ ಏಟಿಗೆ ಮುಗಿಸಬೇಕೆಂದರೆ ಶೇಕ್ಸ್‌ಪಿಯರ್, ಆದರೆ ಆಗ ಮೂರು ಚೌಪದಿಗಳೂ ಒಂದೊಂದು ಮೆಟ್ಟಿಲು ಇಳಿಯಬೇಕು. ಹಗ್ಗದ ಬಣ್ಣನೆ ಮೂರು ಸಲ ಬಂದರೆ ಕೊನೆಯ ದ್ವಿಪದಿಗೆ ಬಲವಿರುವುದಿಲ್ಲ. ‘ಹಗ್ಗಕ್ಕೆ ಹಗ್ಗ ಕಟ್ಟಿ ಉದ್ದ ಮಾಡಿದರು’ ಎಂದು ಆರನೆಯ ಸಾಲಿನಲ್ಲಿ ಬರೆದಿದ್ದೀರಲ್ಲ, ನೀರು ಕೆಳಗಿಳಿದದ್ದನ್ನು ಹೆಸರೆತ್ತದೆ ಹೇಳುವ ಆ ಸಾಲು ಚಿನ್ನ. ನಾನಾಗಿದ್ದರೆ ಅದನ್ನು ಒಂಬತ್ತನೆಯದಾಗಿ ಇಟ್ಟು, ಪೆಟ್ರಾರ್ಕನ ದಾರಿಯಲ್ಲಿ ಷಟ್ಕ ತೆರೆಯುತ್ತಿದ್ದೆ.

ಪೆಟ್ರಾರ್ಕನ ಹೆಣ್ಣು ಹೆಚ್ಚಾಗಿ ಮೌನಿ. ಹೆಣ್ಣೇ ಮಾತಾಡುವುದನ್ನು ಕೇಳಬೇಕಾದರೆ ಲಿಯೋಂ ನಗರದ ಲೂಯಿಸ್ ಲಾಬೆಯ 24 ಸುನೀತಗಳನ್ನು ಓದಿ, 1555ರಲ್ಲಿ ಅಚ್ಚಾದವು.

ಹೊಸ ಕರಡನ್ನು ಇಲ್ಲಿಯೇ ಹಾಕಿ. ತಿರುವು ಎಲ್ಲಿದೆ ಎಂದು ಗುರುತು ಮಾಡಬೇಡಿ. ಓದಿ ನಾವೇ ಹೇಳುತ್ತೇವೆ.