ಸಿಗ್ನಲ್‌ನಲ್ಲಿ ನಿಂತರೆ ಬಿಸಿ, ಹೊರಟರೆ ತಣ್ಣಗೆ

ಗ್ಯಾರೇಜ್ ಪ್ರಶ್ನೋತ್ತರ

ಪ್ರಶ್ನೆ: ನನ್ನದು 2 ಲೀಟರ್ ಟರ್ಬೊ ಪೆಟ್ರೋಲ್ ಸೆಡಾನ್, ಏಳು ವರ್ಷ ಹಳೆಯದು. ಸ್ಟೇಜ್ 1 ರೀಮ್ಯಾಪ್ (ಶಕ್ತಿ ಹೆಚ್ಚಿಸಲು ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಾವಣೆ) ಆಗಿದೆ, ಮುಂದೆ ದೊಡ್ಡ ಇಂಟರ್‌ಕೂಲರ್ (ಟರ್ಬೊ ಒತ್ತಿದ ಗಾಳಿಯನ್ನು ತಣಿಸುವ ಭಾಗ) ಕೂರಿಸಿದ್ದೇನೆ. ತುಮಕೂರು ಹೆದ್ದಾರಿಯಲ್ಲಿ ಒಬಿಡಿ ರೀಡರ್ (ಕಾರಿನ ಕಂಪ್ಯೂಟರಿನ ಅಂಕಿಗಳನ್ನು ಓದುವ ಸಾಧನ) ಕೂಲೆಂಟ್ ತಾಪ 90–93 ಡಿಗ್ರಿ ತೋರಿಸುತ್ತದೆ. ಅದೇ ಕಾರು ಸಿಲ್ಕ್ ಬೋರ್ಡ್ ಬಳಿ ಎ.ಸಿ. ಹಾಕಿಕೊಂಡು ಹತ್ತು ನಿಮಿಷ ತೆವಳಿದರೆ 112 ದಾಟುತ್ತದೆ, ಎ.ಸಿ. ಬಿಸಿಗಾಳಿ ಊದತೊಡಗುತ್ತದೆ. 40ರ ವೇಗ ಸಿಕ್ಕರೆ ತಾನಾಗಿ ಇಳಿಯುತ್ತದೆ. ಡ್ಯಾಶ್‌ಬೋರ್ಡಿನ ಮುಳ್ಳು ಮಾತ್ರ ನಡುವಿನಿಂದ ಕದಲುವುದಿಲ್ಲ. ಥರ್ಮೋಸ್ಟಾಟ್ (ತಾಪ ನೋಡಿ ರೇಡಿಯೇಟರ್ ದಾರಿ ತೆರೆಯುವ ಕವಾಟ), ಕೂಲೆಂಟ್ ಎರಡೂ ಬದಲಾಯಿಸಿಯಾಯಿತು. ಈಗ ರೇಡಿಯೇಟರ್ ಬದಲಿಸಿ ಎನ್ನುತ್ತಿದ್ದಾರೆ. ಬದಲಿಸಲೇ?
— ಓದುಗರು, ಬೊಮ್ಮನಹಳ್ಳಿ

ಉತ್ತರ: ಸದ್ಯಕ್ಕೆ ಬೇಡ. ರೇಡಿಯೇಟರ್ ಒಳಗೆ ಕಟ್ಟಿಕೊಂಡಿದ್ದರೆ ಕಾರು ಮೊದಲು ಸೋಲುವುದು ಹೆದ್ದಾರಿಯಲ್ಲಿ, ಅದೂ ಏರಿನಲ್ಲಿ. ನಿಮ್ಮದು ಅಲ್ಲಿ 93 ದಾಟುತ್ತಿಲ್ಲ. ಅಂದರೆ ನೀರು ಸರಿಯಾಗಿ ಹರಿಯುತ್ತಿದೆ. ಕಾರು ನಿಂತಾಗ ರೇಡಿಯೇಟರಿಗೆ ಸಿಗಬೇಕಾದ ಗಾಳಿ ಸಿಗುತ್ತಿಲ್ಲ, ಅಷ್ಟೆ.

ರೀಮ್ಯಾಪ್ ಮೇಲೂ ಅನುಮಾನ ಪಡಬೇಡಿ. ಐಡಲಿಂಗ್‌ನಲ್ಲಿ ಈ ಗಾತ್ರದ ಎಂಜಿನ್ ಗಂಟೆಗೆ ಸುಮಾರು 1 ಲೀಟರ್ ಪೆಟ್ರೋಲ್ ಸುಡುತ್ತದೆ. ಅದರ ಶಾಖದಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಕೂಲೆಂಟಿಗೆ ಸೇರುತ್ತದೆ ಎಂದುಕೊಂಡರೆ 3 ಕಿಲೋವ್ಯಾಟ್. ಬಚ್ಚಲುಮನೆಯ ಇನ್‌ಸ್ಟಂಟ್ ಗೀಸರ್ ಒಂದರಷ್ಟು. ಫ್ಯಾನ್ ಸರಿಯಾಗಿ ತಿರುಗಿದರೆ ಇದನ್ನು ಹೊರಹಾಕುವುದು ದೊಡ್ಡ ಮಾತಲ್ಲ. ಎ.ಸಿ. ಹಾಕಿದಾಗ ಲೆಕ್ಕ ಬಿಗಿಯಾಗುತ್ತದೆ: ಮುಂದಿರುವ ಕಂಡೆನ್ಸರ್ ಕ್ಯಾಬಿನ್ನಿನ ಶಾಖವನ್ನೆಲ್ಲ ಗಾಳಿಗೆ ಬಿಟ್ಟ ಮೇಲೆ, ಆ ಬೆಚ್ಚಗಿನ ಗಾಳಿಯೇ ಹಿಂದಿನ ರೇಡಿಯೇಟರಿಗೆ ಸಿಗುವುದು. ಎ.ಸಿ. ಬಿಸಿಗಾಳಿ ಊದಿತೆಂದು ಗ್ಯಾಸ್ ತುಂಬಿಸಲು ಹೋಗಬೇಡಿ. ಎಂಜಿನ್ ಉಳಿಸಿಕೊಳ್ಳಲು ಕಂಪ್ಯೂಟರ್ ಕಂಪ್ರೆಸರನ್ನು ಕಳಚುತ್ತಿದೆ. ಮುಳ್ಳನ್ನೂ ನಂಬಬೇಡಿ, ಇತ್ತೀಚಿನ ಬಹುತೇಕ ಕಾರುಗಳಲ್ಲಿ ಅದು 80ಕ್ಕೂ 100ಕ್ಕೂ ಒಂದೇ ಜಾಗದಲ್ಲಿ ನಿಲ್ಲುವಂತೆ ಬೇಕೆಂದೇ ಮಾಡಿರುತ್ತಾರೆ. ಒಬಿಡಿ ಅಂಕಿಯೇ ನಿಜ.

ಮೊದಲು ಫ್ಯಾನ್ ನೋಡಿ. ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಎ.ಸಿ. ಹಾಕಿ. ಅರ್ಧ ನಿಮಿಷದೊಳಗೆ ಫ್ಯಾನ್ ನಿಧಾನ ವೇಗದಲ್ಲಾದರೂ ತಿರುಗಬೇಕು. ಒಂದು ಎ4 ಹಾಳೆಯನ್ನು ಕಂಡೆನ್ಸರಿನ ಮುಂದೆ ಹಿಡಿದು ಕೈಬಿಡಿ. ಅಂಟಿಕೊಂಡು ನಿಂತರೆ ಎಳೆತ ಇದೆ. ಜಾರಿ ಬಿದ್ದರೆ ಇಲ್ಲ. ಮುಂದಕ್ಕೆ ಹಾರಿತೋ, ಯಾರೋ ಮೋಟರ್ ಬದಲಿಸುವಾಗ ವೈರ್ ಅದಲುಬದಲು ಮಾಡಿ ಫ್ಯಾನ್ ಉಲ್ಟಾ ತಿರುಗುತ್ತಿದೆ. ಎರಡು ಫ್ಯಾನ್ ಇರುವ ಕಾರಿನಲ್ಲಿ ಒಂದು ಸತ್ತಿದ್ದರೂ ಇನ್ನೊಂದರ ಸದ್ದಿನಲ್ಲಿ ಅದು ಗೊತ್ತಾಗುವುದಿಲ್ಲ, ಆದ್ದರಿಂದ ಹಾಳೆಯನ್ನು ಎಡ ಬಲ ಎರಡೂ ಕಡೆ ಹಿಡಿಯಿರಿ.

ತಿರುಗುತ್ತಿದೆ ಆದರೆ ಸೋತು ತಿರುಗುತ್ತಿದೆ ಎನಿಸಿದರೆ ಮಲ್ಟಿಮೀಟರ್ ಬೇಕು. ಫ್ಯಾನ್ ಪೂರ್ಣ ವೇಗದಲ್ಲಿರುವಾಗ ಅದರ ಕನೆಕ್ಟರಿನಲ್ಲಿ ಸಿಗುವ ವೋಲ್ಟೇಜನ್ನು ಬ್ಯಾಟರಿಯದರ ಜೊತೆ ಹೋಲಿಸಿ. ಅರ್ಧ ವೋಲ್ಟಿಗಿಂತ ಹೆಚ್ಚು ಕೊರತೆ ಇದ್ದರೆ ರಿಲೇ, ಅರ್ತ್ ಅಥವಾ ಕನೆಕ್ಟರ್ ನುಂಗುತ್ತಿದೆ. ಕನೆಕ್ಟರಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ ಉತ್ತರ ಅಲ್ಲೇ ಸಿಕ್ಕಿತು. ವೋಲ್ಟೇಜ್ ಸರಿಯಿದ್ದೂ ವೇಗ ಇಲ್ಲದಿದ್ದರೆ ಮೋಟರಿನ ಬ್ರಷ್ ಸವೆದಿವೆ. ಒಂದು ಎಚ್ಚರ: ಇಗ್ನಿಷನ್ ಆಫ್ ಮಾಡಿದ ಮೇಲೂ ಈ ಫ್ಯಾನ್ ದಿಢೀರನೆ ತಿರುಗಬಹುದು. ಕನೆಕ್ಟರ್ ಕಳಚದೆ ಬೆರಳು ಹಾಕಬೇಡಿ.

ಫ್ಯಾನ್ ಗೆದ್ದರೆ, ನನ್ನ ಮುಖ್ಯ ಅನುಮಾನಕ್ಕೆ ಬರೋಣ. ಅದು ನಿಮ್ಮ ಇಂಟರ್‌ಕೂಲರ್.

ಕಂಪನಿಯಿಂದ ಬರುವಾಗ ರೇಡಿಯೇಟರಿನ ಸುತ್ತ, ಕಂಡೆನ್ಸರಿಗೂ ಬಂಪರಿಗೂ ನಡುವೆ ಫೋಮ್ ಮತ್ತು ರಬ್ಬರ್ ಪಟ್ಟಿಗಳಿರುತ್ತವೆ. ನೋಡಲು ಕಸದಂತಿರುವ ಇವನ್ನು ದೊಡ್ಡ ಇಂಟರ್‌ಕೂಲರ್ ಕೂರಿಸುವಾಗ ಕತ್ತರಿಸಿ ಎಸೆದುಬಿಡುತ್ತಾರೆ. ಎಂಜಿನ್ ಕೆಳಗಿನ ಪ್ಲಾಸ್ಟಿಕ್ ತಟ್ಟೆಯಂತೂ ನಮ್ಮ ಬಡಾವಣೆಗಳ ರೋಡ್ ಹಂಪಿಗೆ ಎಂದೋ ಬಲಿಯಾಗಿರುತ್ತದೆ. ಕಾರು ಓಡುವಾಗ ಇದರಿಂದ ಅಷ್ಟೇನೂ ತೊಂದರೆಯಿಲ್ಲ, ಎದುರುಗಾಳಿ ಎಲ್ಲವನ್ನೂ ಹಿಂದಕ್ಕೆ ತಳ್ಳುತ್ತದೆ. ನಿಂತಾಗ ಫ್ಯಾನ್ ಹಿಂದಕ್ಕೆ ದಬ್ಬಿದ ಬಿಸಿಗಾಳಿ ಅದೇ ಸಂದುಗಳಲ್ಲಿ ನುಸುಳಿ, ತಳದಿಂದಲೂ ಸುತ್ತಿಬಂದು, ಮತ್ತೆ ರೇಡಿಯೇಟರಿನ ಮುಂದೆ ನಿಲ್ಲುತ್ತದೆ. ಕಾದ ಗಾಳಿಯನ್ನೇ ಫ್ಯಾನ್ ಮತ್ತೆ ಮತ್ತೆ ಎಳೆಯುತ್ತದೆ.

ಇದನ್ನು ಹಿಡಿಯಲು ಒಂದು ಊದುಬತ್ತಿ ಸಾಕು. ಎಂಜಿನ್ ಬಿಸಿಯಾಗಿ ಫ್ಯಾನ್ ಜೋರಾಗಿ ತಿರುಗುವಾಗ ಬಾನೆಟನ್ನು ಕೊಕ್ಕೆಗೆ ಬೀಳದಷ್ಟೇ ಇಳಿಸಿ, ಗ್ರಿಲ್ಲಿನ ಮುಂದಿನಿಂದ ಊದುಬತ್ತಿಯನ್ನು ರೇಡಿಯೇಟರಿನ ಅಂಚುಗುಂಟ ನಿಧಾನಕ್ಕೆ ಸರಿಸಿ. ಹೊಗೆ ನೇರ ಫಿನ್ನಿನೊಳಗೆ ಹೋಗಬೇಕು. ಯಾವ ಮೂಲೆಯಲ್ಲಿ ಅದು ತಿರುಗಿ ನಿಮ್ಮ ಮುಖಕ್ಕೆ ಬರುತ್ತದೋ ಅಲ್ಲಿ ಸಂದು ಇದೆ. ಹಾರ್ಡ್‌ವೇರ್ ಅಂಗಡಿಯ ದಪ್ಪ, ಶಾಖ ತಡೆಯುವ ರಬ್ಬರ್ ಫೋಮ್ ಪಟ್ಟಿಯಿಂದ ಮುಚ್ಚಿ, ತಳದ ತಟ್ಟೆ ಹೊಸದು ಹಾಕಿ. ಕೆಲವೇ ನೂರು ರೂಪಾಯಿಯ ಪಟ್ಟಿ ಮಾಡುವ ಕೆಲಸವನ್ನು ದುಬಾರಿ ಅಲ್ಯೂಮಿನಿಯಂ ರೇಡಿಯೇಟರ್ ಮಾಡಲಾರದು.

ಬಂಪರ್ ಹೇಗೂ ಬಿಚ್ಚಿರುತ್ತೀರಿ, ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ಟಾರ್ಚ್ ಬಿಟ್ಟು ನೋಡಿ. ಮುಂದಿನಿಂದ ಫಳಫಳ ಹೊಳೆಯುವ ಕಾರಿನಲ್ಲೂ ಆ ಸಂದಿಯಲ್ಲಿ ದೂಳು, ಹುಳು, ನಾರು ಸೇರಿ ಕಂಬಳಿಯಂತೆ ಹೆಪ್ಪುಗಟ್ಟಿರುತ್ತದೆ. ಎಂಜಿನ್ ಕಡೆಯಿಂದ ಮುಂದಕ್ಕೆ, ತೋಟದ ಪೈಪಿನ ಒತ್ತಡದಲ್ಲಿ ತೊಳೆಯಿರಿ. ಸರ್ವೀಸ್ ಸ್ಟೇಷನ್ನಿನ ಪ್ರೆಷರ್ ಗನ್ ಹತ್ತಿರ ಹಿಡಿದರೆ ಫಿನ್ ಮಡಚಿಕೊಂಡು ಇದ್ದ ಗಾಳಿಯೂ ನಿಲ್ಲುತ್ತದೆ.

ಇಷ್ಟೂ ಸರಿಯಿದ್ದು ಬಿಸಿ ಮುಂದುವರಿದರೆ, ನಿಂತಲ್ಲೇ ನ್ಯೂಟ್ರಲ್‌ನಲ್ಲಿ 2,000 ಆರ್‌ಪಿಎಂ ಹಿಡಿದು ಎರಡು ನಿಮಿಷ ಅಂಕಿ ನೋಡಿ. ಎಲೆಕ್ಟ್ರಿಕ್ ಫ್ಯಾನಿಗೆ ಆರ್‌ಪಿಎಂ ಲೆಕ್ಕಕ್ಕಿಲ್ಲ, ಬೆಲ್ಟಿನಿಂದ ತಿರುಗುವ ವಾಟರ್ ಪಂಪಿಗೆ ಇದೆ. ಹೀಗೆ ಮಾಡಿದಾಗ ತಾಪ ಇಳಿದರೆ ಪಂಪಿನ ಇಂಪೆಲ್ಲರ್ (ನೀರು ತಳ್ಳುವ ಚಕ್ರ) ಸವೆದಿರಬಹುದು, ಅಥವಾ ಕೂಲೆಂಟ್ ಬದಲಿಸಿದಾಗ ಒಳಗೆ ಗಾಳಿಗುಳ್ಳೆ ಉಳಿದಿರಬಹುದು. ಏರಿದರೆ ಮತ್ತೆ ಗಾಳಿಯ ದೋಷಕ್ಕೇ ವಾಪಸ್. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಕಲ್ಲಿನಂತೆ ಬಿಗಿದುಕೊಂಡರೆ ಮಾತ್ರ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಹೆಡ್ಡಿಗೂ ನಡುವಿನ ಸೀಲ್) ಬಗ್ಗೆ ಯೋಚಿಸಿ. ಕೂಲೆಂಟ್ ಟ್ಯಾಂಕಿನ ಬಾಯಿಗೆ ಇಟ್ಟ ಪರೀಕ್ಷಾ ದ್ರವ ನೀಲಿಯಿಂದ ಹಳದಿಗೆ ತಿರುಗಿದರೆ ಅದು ಖಚಿತ.

ಅಲ್ಲಿಯವರೆಗೆ ಜಾಮ್‌ನಲ್ಲಿ 108 ಕಂಡ ಕೂಡಲೇ ಎ.ಸಿ. ಆಫ್, ಕಿಟಕಿ ತೆರೆದು ಹೀಟರ್ ಪೂರ್ತಿ. ಬೆವರು ಸುರಿದರೂ ಹೀಟರ್ ಕೋರ್ ನಿಮಗೊಂದು ಎರಡನೇ ರೇಡಿಯೇಟರ್. ಕೆಂಪು ದೀಪ ಬಂದರೆ ಬದಿಗೆ ಹಾಕಿ ಎಂಜಿನ್ ನಿಲ್ಲಿಸಿ, ಕೂಲೆಂಟ್ ಮುಚ್ಚಳ ಮುಟ್ಟಬೇಡಿ.

ಪ್ರಶ್ನೆ: ಬೆಂಗಳೂರಿನ ಸೆಕೆಗೆ ಥರ್ಮೋಸ್ಟಾಟ್ ಬೇಡವೇ ಬೇಡ, ತೆಗೆದುಬಿಡಿ ಎನ್ನುತ್ತಾರೆ ನಮ್ಮ ಮೆಕ್ಯಾನಿಕ್. ಸರಿಯೇ?
— ಓದುಗರು, ಪೀಣ್ಯ

ಉತ್ತರ: ತಪ್ಪು. ಬಹಳಷ್ಟು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ರೇಡಿಯೇಟರ್ ದಾರಿ ತೆರೆಯುತ್ತಲೇ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನು ಕಿತ್ತರೆ ಬೈಪಾಸ್ ಸದಾ ತೆರೆದಿದ್ದು, ಒಂದಷ್ಟು ನೀರು ರೇಡಿಯೇಟರ್ ಮುಖವನ್ನೇ ನೋಡದೆ ಎಂಜಿನ್‌ಗೆ ಮರಳುತ್ತದೆ. ಟ್ರಾಫಿಕ್‌ನಲ್ಲಿ ಬಿಸಿ ಜಾಸ್ತಿಯೇ ಆದೀತು. ಬೆಳಗಿನ ಸಣ್ಣ ಓಡಾಟದಲ್ಲೋ, ಎಂಜಿನ್ ಕಾಯುವುದೇ ಇಲ್ಲ. ಪೆಟ್ರೋಲ್ ಹೆಚ್ಚು ಕುಡಿದು, ಅದರಲ್ಲೊಂದು ಪಾಲು ಆಯಿಲ್‌ಗೂ ಸೇರುತ್ತದೆ.

ಪ್ರಶ್ನೆ: ಬಿಎಂಡಬ್ಲ್ಯು ಎನ್54 ಎಂಜಿನ್. ಒಬಿಡಿಯಲ್ಲಿ ಆರಾಮ ಓಟದಲ್ಲೇ 105 ಡಿಗ್ರಿ. ಹೆದರಬೇಕೇ?
— ಓದುಗರು, ಮೈಸೂರು

ಉತ್ತರ: ಬೇಡ. ಇದರ ವಾಟರ್ ಪಂಪ್ ವಿದ್ಯುತ್ತಿನದು, ಥರ್ಮೋಸ್ಟಾಟ್ ಕಂಪ್ಯೂಟರ್ ಹಿಡಿತದಲ್ಲಿದೆ. ಹಗುರ ಓಟದಲ್ಲಿ ಇಂಧನ ಉಳಿಸಲು ಅದೇ ತಾಪವನ್ನು 105ರ ಮೇಲೆ ಇಡುತ್ತದೆ, ಜೋರಾಗಿ ತುಳಿದರೆ ಇಳಿಸುತ್ತದೆ. ತುಳಿದಾಗಲೂ ಇಳಿಯದೆ ಏರಿದರೆ ಪಂಪ್ ನೋಡಿಸಿ.

ಪ್ರಶ್ನೆ: ಬಿಸಿ ತಡೆಯಲು ನೀರು ಬೆರೆಸದೆ ಪೂರ್ತಿ ಕೂಲೆಂಟನ್ನೇ ಹಾಕಿದರೆ ಒಳ್ಳೆಯದಲ್ಲವೇ?
— ಓದುಗರು, ದಾವಣಗೆರೆ

ಉತ್ತರ: ಇಲ್ಲ, ಕೆಡುಕು. ಶಾಖ ಹೊರುವುದು ಮುಖ್ಯವಾಗಿ ನೀರು. ಕೂಲೆಂಟಿನಲ್ಲಿರುವ ಗ್ಲೈಕಾಲ್ ಕುದಿಬಿಂದು ಏರಿಸುತ್ತದೆ, ಜೊತೆಗೆ ಬೆರೆಸಿದ ರಾಸಾಯನಿಕಗಳು ತುಕ್ಕು ತಡೆಯುತ್ತವೆ. 8 ಲೀಟರ್ ಹಿಡಿಯುವ ವ್ಯವಸ್ಥೆಗೆ 4 ಲೀಟರ್ ಸಾಂದ್ರ ಕೂಲೆಂಟ್, 4 ಲೀಟರ್ ಡಿಸ್ಟಿಲ್ಡ್ ನೀರು. ಬೋರ್‌ವೆಲ್ ನೀರಂತೂ ಬೇಡ, ಬಿಂದಿಗೆ ತಳದಲ್ಲಿ ಕಟ್ಟುವ ಅದೇ ಬಿಳಿ ಸುಣ್ಣ ರೇಡಿಯೇಟರ್ ನಾಳದಲ್ಲೂ ಕಟ್ಟುತ್ತದೆ. ಕೂಲೆಂಟ್ ಮುಚ್ಚಳದ ರಬ್ಬರ್ ಸೀಲ್ ಬಿರುಕು ಬಿಟ್ಟಿದೆಯೇ ನೋಡಿ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ. ಮುಚ್ಚಳ 1 ಬಾರ್ ಒತ್ತಡ ಹಿಡಿದರೆ ಅದು 120ರ ಹತ್ತಿರಕ್ಕೆ ಹೋಗುತ್ತದೆ.